ಅಗೆಯದೆ ಬಿಡಬೇಕಾದ ಇದ್ದಲು, ಎತ್ತದೆ ಬಿಡಬೇಕಾದ ಎಣ್ಣೆ: ಏನಂತೀರಿ?

ತಂಗಾಳಿ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ಬಹಳ ದಿನದಿಂದ ತಲೆ ಕೊರೆಯುತ್ತಿರುವ ವಿಷಯ ಇದು. ಬರೆದುಬಿಡುತ್ತೇನೆ, ತಪ್ಪಿದ್ದರೆ ತಿದ್ದಿ.

ಹವಾಮಾನ ಬದಲಾವಣೆ ಅಂದ ತಕ್ಷಣ ನಾವು ಮಾತಾಡುವುದು ಬಲ್ಬು, ಬಸ್ಸು, ಗಿಡ ನೆಡುವುದು, ಸ್ವಿಚ್ ಆರಿಸುವುದು. ಎಲ್ಲ ಒಳ್ಳೆಯದೇ, ನಾನೂ ಮಾಡುತ್ತೇನೆ. ಆದರೆ ಇದೆಲ್ಲ ಹೊಗೆ ಹೊರಡುವ ಕಡೆಯ ಮಾತು. ಇದ್ದಲು ಮೇಲೆ ಬರುವ ಗಣಿಯ ಬಾಯಿ, ಎಣ್ಣೆ ಮೇಲೆ ಬರುವ ಬಾವಿ, ಇವುಗಳ ಬಗ್ಗೆ ಯಾಕೆ ಇಷ್ಟು ಕಡಿಮೆ ಮಾತು? ಹವಾಮಾನಕ್ಕಾಗಿ ಜಗತ್ತಿನ ದೇಶಗಳು ಮಾಡಿಕೊಂಡ 2015ರ ಪ್ಯಾರಿಸ್ ಒಪ್ಪಂದವನ್ನೇ ತೆಗೆದುಕೊಳ್ಳಿ. ಎಷ್ಟು ಹುಡುಕಿದರೂ ಅದರಲ್ಲಿ ಪಳೆಯುಳಿಕೆ ಇಂಧನ (ಕಲ್ಲಿದ್ದಲು, ತೈಲ, ನೈಸರ್ಗಿಕ ಅನಿಲ) ಅನ್ನುವ ಮಾತೇ ಇಲ್ಲ.

ಅದೇ ವರ್ಷ ಜನವರಿಯಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಕ್ರಿಸ್ಟೋಫ್ ಮೆಕ್‌ಗ್ಲೇಡ್ ಮತ್ತು ಪಾಲ್ ಎಕಿನ್ಸ್ 'ನೇಚರ್' ಪತ್ರಿಕೆಯಲ್ಲಿ ಒಂದು ಲೆಕ್ಕ ಕೊಟ್ಟಿದ್ದರು. ಭೂಮಿಯ ಬಿಸಿ ಕೈಗಾರಿಕೆಗಳು ಬರುವ ಮೊದಲಿನ ಕಾಲಕ್ಕಿಂತ ಏರುವುದನ್ನು 2 ಡಿಗ್ರಿಯೊಳಗೆ ಹಿಡಿಯಬೇಕು ಅಂದರೆ 2050ರವರೆಗೆ ತೈಲದ ನಿಕ್ಷೇಪದಲ್ಲಿ ಮೂರನೇ ಒಂದು ಭಾಗ, ಅನಿಲದಲ್ಲಿ ಅರ್ಧ, ಕಲ್ಲಿದ್ದಲಿನಲ್ಲಿ ಶೇ. 80ಕ್ಕಿಂತ ಜಾಸ್ತಿ ಮುಟ್ಟದೆ ಬಿಡಬೇಕು. ಅಷ್ಟು ಮಾಡಿದರೂ ಗೆಲ್ಲುವ ಅವಕಾಶ ಅರ್ಧಕ್ಕರ್ಧ. 2021ರಲ್ಲಿ ಅದೇ ಕಾಲೇಜಿನ ತಂಡ 1.5 ಡಿಗ್ರಿಗೆ ಲೆಕ್ಕ ಹಾಕಿತು. ಆಗ ಬಿಡಬೇಕಾದದ್ದು ತೈಲ, ಅನಿಲದಲ್ಲಿ ಹತ್ತಿರಹತ್ತಿರ ಶೇ. 60. ಕಲ್ಲಿದ್ದಲಿನಲ್ಲಿ ಶೇ. 90.

ಇದು ಇನ್ನು ಮುಂದೆ ಹುಡುಕಬೇಕಾದ ನಿಕ್ಷೇಪ ಅಲ್ಲ. ಪತ್ತೆಯಾಗಿ, ಅಳತೆಯಾಗಿ, ಯಾರದೋ ಹೆಸರಿಗೆ ಬರೆದಾಗಿರುವಂಥದ್ದು. ಇರುವುದನ್ನೇ ಉರಿಸುವ ಹಾಗಿಲ್ಲ ಅಂದಮೇಲೆ ಹೊಸದನ್ನು ಹುಡುಕಲು ದುಡ್ಡು ಯಾಕೆ ಸುರಿಯಬೇಕು? ಒಂದು ದೇಶ ಎಷ್ಟು ಹೊಗೆ ಬಿಟ್ಟಿತು ಅಂತ ಕೇಳುವ ನಾವು, ಎಷ್ಟು ಅಗೆಯಿತು ಅಂತಲೂ ಕೇಳಬೇಕು ಅಲ್ವಾ?

ಲೆಕ್ಕದ ಮೇಷ್ಟ್ರು

ಒಳ್ಳೆಯ ಪ್ರಶ್ನೆ ಎತ್ತಿದ್ದೀರಿ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಅಂತೀವಲ್ಲ, ಇಲ್ಲಿ ಹಾಸಿಗೆಯ ಅಳತೆ ಏನು ಅಂತ ಹೇಳಿಬಿಡುತ್ತೇನೆ.

1850ರಿಂದ 2019ರವರೆಗೆ ಮನುಷ್ಯರು ಗಾಳಿಗೆ ಬಿಟ್ಟ ಇಂಗಾಲದ ಡೈಆಕ್ಸೈಡ್ ಸುಮಾರು 2,40,000 ಕೋಟಿ ಟನ್. ವಿಶ್ವಸಂಸ್ಥೆಯ ಹವಾಮಾನ ವಿಜ್ಞಾನಿಗಳ ಸಮಿತಿ ಐಪಿಸಿಸಿಯ 2021ರ ವರದಿ ಪ್ರಕಾರ, 1.5 ಡಿಗ್ರಿಗೆ ಅರ್ಧಕ್ಕರ್ಧ ಅವಕಾಶ ಬೇಕಾದರೆ 2020ರ ಶುರುವಿನಿಂದ ಇನ್ನು ಬಿಡಬಹುದಾಗಿದ್ದದ್ದು 50,000 ಕೋಟಿ ಟನ್ ಮಾತ್ರ. ವರ್ಷಕ್ಕೆ ನಾವು ಬಿಡುತ್ತಿರುವುದು ಸುಮಾರು 4,000 ಕೋಟಿ ಟನ್. ಭಾಗಿಸಿ ನೋಡಿ. ಹನ್ನೆರಡೂವರೆ ವರ್ಷ. ಅದರಲ್ಲಿ ಎಷ್ಟೋ ಕಳೆದೇ ಹೋಗಿದೆ. ಮೆಕ್‌ಗ್ಲೇಡ್ ಅವರ ಲೆಕ್ಕದಲ್ಲಿ ಕೈಗೆಟುಕುವ ನಿಕ್ಷೇಪವೆಲ್ಲ ಉರಿದರೆ ಬರುವುದು 2,90,000 ಕೋಟಿ ಟನ್. ಅಂದರೆ ಇಲ್ಲಿಯವರೆಗೆ ಬಿಟ್ಟಿರುವುದಕ್ಕಿಂತ ಜಾಸ್ತಿ ಇನ್ನೂ ನೆಲದಡಿಯಲ್ಲೇ ಇದೆ. ಇದ್ದಲು ಮುಗಿದುಹೋಗುತ್ತದೆ ಅಂತ ನಾವು ಓದುವಾಗ ಹೆದರಿಸುತ್ತಿದ್ದರು. ಮುಗಿಯುವುದಿಲ್ಲ ಅನ್ನುವುದೇ ಈಗಿನ ಹೆದರಿಕೆ.

ಇಷ್ಟು ದೊಡ್ಡ ಸಂಖ್ಯೆ ಯಾರ ತಲೆಗೂ ಹೋಗುವುದಿಲ್ಲ. ಅದಕ್ಕೆ ತರಗತಿಯಲ್ಲಿ ಒಂದು ಸಣ್ಣ ಕೆಲಸ ಮಾಡಿಸುತ್ತೇನೆ. ಬಿಗಿಯಾಗಿ ಮುಚ್ಚಿದ ಬಾಟಲಿಯಲ್ಲಿ ಒಂದು ಲೀಟರ್ ಪೆಟ್ರೋಲ್. ತಕ್ಕಡಿ ಮೇಲೆ ಇಟ್ಟು ಬಾಟಲಿಯ ತೂಕ ಕಳೆದರೆ 740 ಗ್ರಾಂ ಬಂತು. ಇದು ಉರಿದರೆ ಎಷ್ಟು ತೂಕದ ಇಂಗಾಲದ ಡೈಆಕ್ಸೈಡ್ ಬರುತ್ತದೆ ಅಂತ ಮಕ್ಕಳನ್ನು ಕೇಳಿದೆ. ಎಲ್ಲರೂ 740ಕ್ಕಿಂತ ಕಡಿಮೆ ಹೇಳಿದರು. ಉತ್ತರ ಸುಮಾರು 2.3 ಕೆ.ಜಿ. "ಜಾಸ್ತಿ ಹೇಗಾಗುತ್ತೆ ಸರ್?" ಅಂತ ಗಲಾಟೆ. ಪೆಟ್ರೋಲಿನಲ್ಲಿರುವ ಪ್ರತಿ 12 ಗ್ರಾಂ ಇಂಗಾಲ ಗಾಳಿಯಿಂದ 32 ಗ್ರಾಂ ಆಮ್ಲಜನಕ ಸೇರಿಸಿಕೊಂಡು 44 ಗ್ರಾಂ ಆಗುತ್ತದೆ ಅಂತ ಬೋರ್ಡಿನ ಮೇಲೆ ಬರೆದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಸ್ವಲ್ಪ ಹೊತ್ತು ಬಾಟಲಿಯನ್ನೇ ನೋಡಿ ಕೇಳಿದಳು: "ಹಾಗಾದ್ರೆ ಟ್ಯಾಂಕ್ ಖಾಲಿ ಆಗೋದೇ ಇಲ್ವಾ ಸರ್? ಮೇಲಕ್ಕೆ ಹೋಗುತ್ತೆ ಅಷ್ಟೇನಾ?"

ಅಷ್ಟೇ. ಅರ್ಧದಷ್ಟನ್ನು ಕಡಲು, ಕಾಡು, ಮಣ್ಣು ಹೀರಿಕೊಳ್ಳುತ್ತವೆ. ಉಳಿದದ್ದು ಗಾಳಿಯಲ್ಲೇ ಇರುತ್ತದೆ.

ಕಡಲಬಾನು

ಲೆಕ್ಕ ಒಪ್ಪಿದೆ ಮೇಷ್ಟ್ರೇ. ಆದರೆ ನನ್ನದು ಒಂದೇ ಅನುಮಾನ. ನಾನು ಅಗೆಯದೆ ಬಿಟ್ಟರೆ ಪಕ್ಕದವನು ಅಗೆಯುತ್ತಾನೆ. ಕೊಳ್ಳುವವನು ಅಲ್ಲಿಗೆ ಹೋಗುತ್ತಾನೆ. ನನಗೆ ನಷ್ಟ, ಅವನಿಗೆ ಲಾಭ, ಹೊಗೆ ಮಾತ್ರ ಅಷ್ಟೇ. ಇದಕ್ಕೆ ಏನು ಹೇಳುತ್ತೀರಿ?

ತಂಗಾಳಿ

ಕಡಲಬಾನು ಅವರೇ, ನಾನೂ ಇಲ್ಲೇ ಬಹಳ ದಿನ ಸಿಕ್ಕಿಕೊಂಡಿದ್ದೆ. ಸ್ವಲ್ಪ ನಿಜ. ಪೂರ್ತಿ ನಿಜ ಅಲ್ಲ.

ಒಂದು ಬಾವಿ ನಿಂತರೆ ಮಾರುಕಟ್ಟೆಗೆ ಬರುವ ಎಣ್ಣೆ ಅಷ್ಟು ಕಡಿಮೆಯಾಗುತ್ತದೆ, ಬೆಲೆ ಒಂದಿಷ್ಟು ಏರುತ್ತದೆ. ಆ ಬೆಲೆ ನೋಡಿ ಬೇರೆಯವನು ಸ್ವಲ್ಪ ಜಾಸ್ತಿ ಎತ್ತುತ್ತಾನೆ, ಹೌದು. ಆದರೆ ಅದೇ ಬೆಲೆ ನೋಡಿ ಕೆಲವರು ಕೊಳ್ಳುವುದನ್ನೂ ಬಿಡುತ್ತಾರೆ. ಹಾಗಾಗಿ ಬಿಟ್ಟ ಎಣ್ಣೆಯಲ್ಲಿ ಒಂದು ಪಾಲು ನಿಜವಾಗಿಯೂ ಉರಿಯದೆ ಉಳಿಯುತ್ತದೆ.

ಇನ್ನೊಂದು ಮಾತು ಇದೆ. ನೀವು ಹೇಳಿದ ತೊಂದರೆ ಉಳಿತಾಯಕ್ಕೂ ಅಂಟಿಕೊಂಡಿದೆ. ನಾವೆಲ್ಲ ಕಷ್ಟಪಟ್ಟು ಪೆಟ್ರೋಲ್ ಉಳಿಸಿದೆವು ಅಂತಿಟ್ಟುಕೊಳ್ಳಿ. ಬೇಡಿಕೆ ಕಡಿಮೆಯಾಗಿ ಬೆಲೆ ಇಳಿಯುತ್ತದೆ. ಅಗ್ಗವಾಯಿತು ಅಂತ ಇನ್ನೊಬ್ಬರು ಜಾಸ್ತಿ ಕೊಳ್ಳುತ್ತಾರೆ. ಎತ್ತುವುದು ನಿಲ್ಲದಿದ್ದರೆ ನಾವು ಉಳಿಸಿದ್ದು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ. ಅದಕ್ಕೇ ನನ್ನ ಕಣ್ಣು ಗಣಿಯ ಬಾಯಿಯ ಮೇಲೆ.

ನೀಲಿಹಕ್ಕಿ

ಅಗೆಯದೆ ಬಿಡುತ್ತೇವೆ ಅಂತ ಒಂದು ದೇಶ ನಿಜವಾಗಿಯೂ ಹೇಳಿ ನೋಡಿದೆ. ಆ ಕಥೆ ಇಲ್ಲಿ ಬರಲೇಬೇಕು.

ದಕ್ಷಿಣ ಅಮೆರಿಕದ ಈಕ್ವೆಡಾರ್ ದೇಶದಲ್ಲಿ ಯಾಸುನಿ ಅಂತ ಮಳೆಕಾಡು ಇದೆ. ಅಮೆಜಾನ್ ಸೀಮೆ. ಹೊರಗಿನವರ ಜೊತೆ ಸಂಪರ್ಕ ಬೇಡ ಅಂದುಕೊಂಡು ಬದುಕುವ ಬುಡಕಟ್ಟುಗಳು ಅಲ್ಲಿವೆ. ಕಾಡಿನ ಒಂದು ಭಾಗದ ಕೆಳಗೆ ಸುಮಾರು 85 ಕೋಟಿ ಬ್ಯಾರೆಲ್ ತೈಲ. 2007ರಲ್ಲಿ ಆಗಿನ ಅಧ್ಯಕ್ಷ ರಫಾಯೆಲ್ ಕೊರೆಯಾ ವಿಶ್ವಸಂಸ್ಥೆಯಲ್ಲಿ ಒಂದು ಪ್ರಸ್ತಾಪ ಇಟ್ಟರು. ನಾವು ಇದನ್ನು ಎತ್ತುವುದಿಲ್ಲ, ನಮಗೆ ಆಗುವ ನಷ್ಟದಲ್ಲಿ ಅರ್ಧವನ್ನು ಜಗತ್ತು ಕೊಡಲಿ ಅಂದರು. ಅದು 360 ಕೋಟಿ ಡಾಲರ್ ಅಂತ ಆಮೇಲೆ ಗೊತ್ತುಮಾಡಿದರು. ಆರು ವರ್ಷ ಕಾದರು. ಕೈಗೆ ಬಂದದ್ದು ಸುಮಾರು 1.3 ಕೋಟಿ ಡಾಲರ್. ಭಾಷಣದಲ್ಲಿ ಎಲ್ಲರೂ ಬೆನ್ನು ತಟ್ಟಿದರು, ದುಡ್ಡು ಬಿಚ್ಚುವಾಗ ಯಾರೂ ಇಲ್ಲ. 2013ರಲ್ಲಿ ಯೋಜನೆ ಕೈಬಿಟ್ಟರು. 2016ರಲ್ಲಿ ಎಣ್ಣೆ ಎತ್ತಲು ಶುರುವಾಯಿತು.

ಅಲ್ಲಿಗೆ ಮುಗಿಯಿತು ಅಂತ ನಾನು ಅಂದುಕೊಂಡಿದ್ದೆ. ಆದರೆ ಅಲ್ಲಿನ ಜನ ಬಿಡಲಿಲ್ಲ. ಸಹಿ ಸಂಗ್ರಹ, ಕೋರ್ಟು ಅಂತ ವರ್ಷಗಟ್ಟಲೆ ಅಲೆದರು. 2023ರ ಆಗಸ್ಟ್ 20ರಂದು ಇಡೀ ದೇಶ ಮತ ಹಾಕಿತು. ಸುಮಾರು ಶೇ. 59 ಜನ ಎಣ್ಣೆ ಅಲ್ಲೇ ಇರಲಿ ಅಂದರು. ಶ್ರೀಮಂತ ದೇಶ ಅಲ್ಲ ಅದು. ಎಣ್ಣೆಯ ದುಡ್ಡು ಬೇಕಾಗಿದ್ದ ಜನವೇ ಹಾಗೆ ಮತ ಹಾಕಿದ್ದು. ಬಾವಿ ಮುಚ್ಚುವ ಕೆಲಸ ಮಾತ್ರ ಬಹಳ ನಿಧಾನ, ಅದು ನನಗೆ ಸಿಟ್ಟು ತರಿಸುತ್ತದೆ.

ಮೇಷ್ಟ್ರ ಹಾಗೆ ನಾನೂ ಒಂದು ಭಾಗಾಕಾರ ಮಾಡಿದೆ. ಜಗತ್ತು ದಿನಕ್ಕೆ ಬಳಸುವುದು ಸುಮಾರು 10 ಕೋಟಿ ಬ್ಯಾರೆಲ್. ಆ ಕಾಡಿನ ಅಡಿಯಲ್ಲಿರುವುದೆಲ್ಲ ಸೇರಿದರೆ ಎಂಟೂವರೆ ದಿನಕ್ಕೆ.

ಸಂಜೆಮಲ್ಲಿಗೆ

ಎಂಟೂವರೆ ದಿನ. ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತೆ.

ಖಾತೆಪುಸ್ತಕ

ನಾನು ಲೆಕ್ಕಪತ್ರದ ಕೆಲಸದಲ್ಲಿರುವವನು. ಎಲ್ಲರೂ ಕಾಡು, ಹೊಗೆ ಅನ್ನುತ್ತಿದ್ದೀರಿ. ನನಗೆ ಕಾಣುವುದು ಆಸ್ತಿಪಟ್ಟಿ.

ತೈಲ ಕಂಪನಿಯೊಂದರ ಬೆಲೆ ಅದು ಇವತ್ತು ಮಾರುವ ಎಣ್ಣೆಯಿಂದ ಮಾತ್ರ ಬರುವುದಿಲ್ಲ. ನಾಳೆ ಎತ್ತಬಹುದಾದ ನಿಕ್ಷೇಪ ಎಷ್ಟಿದೆ ಅನ್ನುವುದರಿಂದಲೂ ಬರುತ್ತದೆ. ಅದನ್ನು ನಂಬಿ ಷೇರು ಕೊಳ್ಳುವವರಲ್ಲಿ ಪಿಂಚಣಿ ನಿಧಿಗಳಿವೆ, ವಿಮಾ ಕಂಪನಿಗಳಿವೆ. ಅಂದರೆ ಸಾಮಾನ್ಯ ಜನರ ಮುಪ್ಪಿನ ಕಾಲದ ದುಡ್ಡು. ಹೆಚ್ಚು ಪಾಲು ಎತ್ತುವ ಹಾಗಿಲ್ಲ ಅಂದರೆ ಆ ಪುಟದಲ್ಲಿ ಬರೆದಿರುವ ಆಸ್ತಿಗೆ ಏನು ಅರ್ಥ? 2011ರಲ್ಲೇ ಕಾರ್ಬನ್ ಟ್ರ್ಯಾಕರ್ ಅನ್ನುವ ಸಂಸ್ಥೆ ಇದನ್ನು ಎತ್ತಿ ತೋರಿಸಿತ್ತು. 2015ರ ಸೆಪ್ಟೆಂಬರ್‌ನಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡಿನ ಗವರ್ನರ್ ಆಗಿದ್ದ ಮಾರ್ಕ್ ಕಾರ್ನಿ ಲಂಡನ್ನಿನಲ್ಲಿ ವಿಮಾ ವಲಯದವರ ಮುಂದೆ ನಿಂತು ಇದೇ ಎಚ್ಚರಿಕೆ ಕೊಟ್ಟರು. ಹಸಿರು ಬಾವುಟದ ಮನುಷ್ಯ ಅಲ್ಲ, ಬ್ಯಾಂಕಿನ ಮನುಷ್ಯ.

ನನ್ನ ಭಯ ಇಷ್ಟೇ. ಮೊದಲೇ ಹೇಳಿ ನಿಧಾನವಾಗಿ ಬಿಟ್ಟರೆ ನಷ್ಟ ಹಂಚಿಹೋಗುತ್ತದೆ. ಇನ್ನೂ ಇಪ್ಪತ್ತು ವರ್ಷ ಅಗೆದು, ಆಮೇಲೆ ಒಂದೇ ಸಲ ನಿಲ್ಲಿಸಿ ಅಂದರೆ ಕೊನೆಗೆ ಕೈಯಲ್ಲಿ ಕಾಗದ ಹಿಡಿದು ನಿಲ್ಲುವವರು ದೊಡ್ಡವರಾಗಿರುವುದಿಲ್ಲ.

ಸಂಜೆಮಲ್ಲಿಗೆ

ನಾನು ಬೇರೆ ಮಾತು ಹೇಳಬೇಕು. ಕೋಪದಲ್ಲಿ ಬರೆಯುತ್ತಿದ್ದೇನೆ ಅಂತ ಅನ್ನಿಸಿದರೆ ಕ್ಷಮಿಸಿ, ಕೋಪ ಇರುವುದು ನಿಜ.

"ನಾವು ಬಿಡಬೇಕು" ಅನ್ನುತ್ತಿದ್ದೀರಲ್ಲ, ಯಾರು ಆ ನಾವು? ಮನೆಯಲ್ಲಿ ವಿದ್ಯುತ್ತೇ ಇಲ್ಲದ ಜನ ಜಗತ್ತಿನಲ್ಲಿ ಇನ್ನೂ ಸುಮಾರು 70 ಕೋಟಿ ಇದ್ದಾರೆ. ಇಲ್ಲಿಯವರೆಗೆ ಇದ್ದಲು, ಎಣ್ಣೆ ಉರಿದು ಬಂದ ಹೊಗೆಯಲ್ಲಿ ಸುಮಾರು ಕಾಲು ಭಾಗ ಅಮೆರಿಕ ಒಂದೇ ದೇಶದ್ದು. ಹಾಸಿಗೆಯ ತುಂಬ ಒಬ್ಬರೇ ಮಲಗಿ ಎದ್ದಮೇಲೆ ಉಳಿದವರಿಗೆ ಕಾಲು ಮಡಚಿಕೊಳ್ಳಿ ಅಂತ ಹೇಳಿದ ಹಾಗಾಗುತ್ತದೆ. 2023ರ ಡಿಸೆಂಬರ್‌ನಲ್ಲಿ ದುಬೈನಲ್ಲಿ ನಡೆದ ವಿಶ್ವಸಂಸ್ಥೆಯ ಹವಾಮಾನ ಸಭೆಯಲ್ಲಿ ಎಲ್ಲ ದೇಶಗಳೂ ಪಳೆಯುಳಿಕೆ ಇಂಧನದಿಂದ ದೂರ ಸರಿಯೋಣ ಅಂತ ಒಪ್ಪಿದವು. ಅದೇ 2023ರಲ್ಲಿ ಅಮೆರಿಕ ಎತ್ತಿದಷ್ಟು ಕಚ್ಚಾ ತೈಲವನ್ನು ಯಾವ ದೇಶವೂ ಯಾವ ವರ್ಷದಲ್ಲೂ ಎತ್ತಿರಲಿಲ್ಲ.

ಹಾಗಂತ ಬಡ ದೇಶಗಳು ಇದ್ದಲನ್ನೇ ನಂಬಿ ಕೂರಲಿ ಅನ್ನುವುದಿಲ್ಲ. ಬಿಸಿ ಏರಿದರೆ ಮೊದಲು ಬೀಳುವುದು ಅವರೇ. ಸೌರ ಫಲಕದಿಂದ ಬರುವ ವಿದ್ಯುತ್ತಿನ ಖರ್ಚು 2010ರಿಂದ ಹತ್ತು ವರ್ಷದಲ್ಲಿ ಶೇ. 80ಕ್ಕಿಂತ ಜಾಸ್ತಿ ಇಳಿಯಿತು, ದಾರಿ ಇದೆ. ನಾನು ಕೇಳುವುದು ಸರದಿ. ಉಂಡವರು ಮೊದಲು ಏಳಲಿ. ಡೆನ್ಮಾರ್ಕ್ 2020ರ ಡಿಸೆಂಬರ್‌ನಲ್ಲಿ ಉತ್ತರ ಸಮುದ್ರದಲ್ಲಿ ಹೊಸ ಪರವಾನಗಿ ಕೊಡುವುದನ್ನು ನಿಲ್ಲಿಸಿತು, 2050ಕ್ಕೆ ಎತ್ತುವುದನ್ನೇ ನಿಲ್ಲಿಸುತ್ತೇನೆ ಅಂದಿತು. ತಡವೇ. ಆದರೆ ಮಾಡಬೇಕಾದವರು ಮಾಡಿದ ಕೆಲಸ ಅದು.

ತಂಗಾಳಿ

ಸಂಜೆಮಲ್ಲಿಗೆ ಅವರೇ, ನನ್ನ ಮೊದಲ ಬರಹದಲ್ಲಿ ಸರದಿಯ ಮಾತೇ ಇರಲಿಲ್ಲ. ಇರಬೇಕಿತ್ತು. ಒಪ್ಪಿಕೊಂಡೆ.

ಎರಡನೇ ಪಾಳಿ

ಎಲ್ಲ ಓದಿದೆ. ಬರೆಯಬೇಕೋ ಬೇಡವೋ ಅಂತ ಯೋಚಿಸಿ ಬರೆಯುತ್ತಿದ್ದೇನೆ.

ನನ್ನ ಅಪ್ಪ ಕಲ್ಲಿದ್ದಲು ಗಣಿಯಲ್ಲಿ ಇಪ್ಪತ್ತೆಂಟು ವರ್ಷ ಪಂಪ್ ನೋಡಿಕೊಳ್ಳುತ್ತಿದ್ದರು. ಗಣಿಯೊಳಗೆ ನೀರು ಒಸರುತ್ತಲೇ ಇರುತ್ತದೆ. ಪಂಪ್ ನಿಂತರೆ ಕೆಳಗಿನ ಮಟ್ಟ ಮುಳುಗುತ್ತದೆ. ಹಬ್ಬ ಇರಲಿ, ಹರತಾಳ ಇರಲಿ, ಪಂಪಿನವನಿಗೆ ರಜೆ ಇಲ್ಲ. ಎರಡನೇ ಪಾಳಿ ಮುಗಿಸಿ ರಾತ್ರಿ ಮನೆಗೆ ಬಂದರೆ ಎಷ್ಟು ತೊಳೆದರೂ ರೆಪ್ಪೆಯ ಬುಡದಲ್ಲಿ ಮಸಿ ಉಳಿದಿರುತ್ತಿತ್ತು, ಕಾಡಿಗೆ ಹಚ್ಚಿದ ಹಾಗೆ. ಚಿಕ್ಕವನಿದ್ದಾಗ ಎಲ್ಲ ಅಪ್ಪಂದಿರ ಕಣ್ಣೂ ಹಾಗೇ ಇರುತ್ತದೆ ಅಂದುಕೊಂಡಿದ್ದೆ.

ಒಂದು ದಿನ ಗಣಿ ಮುಚ್ಚುವ ನೋಟಿಸ್ ಅಂಟಿಸಿದರು. ಹವಾಮಾನಕ್ಕಾಗಿ ಅಲ್ಲ, ಲಾಭ ಬರುತ್ತಿಲ್ಲ ಅಂತ. ಮೂರು ವಾರ ಸಮಯ ಕೊಟ್ಟರು. ಕಂಪನಿ ಯಾವುದು ಅಂತ ಬೇಡ. ಮೊದಲು ಕ್ಯಾಂಟೀನು ಮುಚ್ಚಿತು, ಆಮೇಲೆ ಬಸ್ಸು ನಿಂತಿತು, ಆಮೇಲೆ ಪಕ್ಕದ ಮನೆಯವರು ಬೀಗ ಹಾಕಿ ಹೋದರು. ಅಪ್ಪನ ಪಾಲಿಗೆ ಬಂದದ್ದು ಕೆಮ್ಮು ಮತ್ತು ಒಂದು ಕಲ್ಲು. ಇದ್ದಲಿನ ಪದರದ ಪಕ್ಕದಿಂದ ಕಿತ್ತು ತಂದ ಬೂದು ಕಲ್ಲು ಅದು. ಮೇಲೆ ಒಂದು ಎಲೆಯ ಅಚ್ಚು ಇದೆ. ನಡುವಿನ ನರ, ಅದರಿಂದ ಹೊರಟ ಸಣ್ಣ ಗೆರೆಗಳು, ಎಲ್ಲ ನಿನ್ನೆ ಒತ್ತಿದ ಹಾಗಿವೆ. 25–30 ಕೋಟಿ ವರ್ಷ ಹಿಂದಿನದು.

ಇದ್ದಲು ಅಲ್ಲೇ ಇರಲಿ ಅನ್ನುವುದಕ್ಕೆ ನನ್ನ ವಿರೋಧ ಇಲ್ಲ. ಅಪ್ಪನ ಎದೆಯ ಸದ್ದು ಕೇಳಿದವನು ನಾನು. ಆದರೆ "ಗಣಿ ಮುಚ್ಚಿ" ಅಂತ ನೀವು ಬರೆದಾಗಲೆಲ್ಲ ನನಗೆ ಕಾಣುವುದು ಆ ನೋಟಿಸ್. ಈ ಚರ್ಚೆಯಲ್ಲಿ ಬ್ಯಾರೆಲ್ ಇದೆ, ಟನ್ ಇದೆ, ಡಾಲರ್ ಇದೆ. ಗಣಿಯೊಳಗಿನ ಮನುಷ್ಯ ಇನ್ನೂ ಬಂದಿರಲಿಲ್ಲ.

ಕಿರುತೊರೆ

ಎರಡನೇ ಪಾಳಿ ಅಣ್ಣ, ಬರೆದದ್ದಕ್ಕೆ ಧನ್ಯವಾದ. ನನ್ನದು ಒಂದು ಪ್ರಶ್ನೆ, ಗೊತ್ತಿದ್ದವರು ಹೇಳಿ. ಹೊಗೆಯನ್ನು ಚಿಮಣಿಯಲ್ಲೇ ಹಿಡಿದು ನೆಲದಡಿಗೆ ಕಳಿಸುವ ತಂತ್ರ ಇದೆಯಂತೆ. ಹಾಗಾದರೆ ಗಣಿಯೂ ಉಳಿಯುತ್ತದೆ, ಕೆಲಸವೂ ಉಳಿಯುತ್ತದೆ ಅಲ್ವಾ? ಇಲ್ಲದಿದ್ದರೆ ಇದ್ದಲು ಬಿಟ್ಟು ಅನಿಲಕ್ಕೆ ಹೋಗಬಹುದಾ?

ಲೆಕ್ಕದ ಮೇಷ್ಟ್ರು

ಹಿಡಿಯುವ ತಂತ್ರ ಇದೆ, ಕೆಲಸವನ್ನೂ ಮಾಡುತ್ತದೆ. ಪ್ರಮಾಣ ನೋಡಬೇಕು. ಜಗತ್ತಿನಲ್ಲಿ ಹೀಗೆ ಹಿಡಿಯುವ ವ್ಯವಸ್ಥೆ ಇರುವುದು ವರ್ಷಕ್ಕೆ ಸುಮಾರು 5 ಕೋಟಿ ಟನ್ನಿಗೆ. ಇಂಧನದಿಂದ ಹೊರಡುವುದು 3,700 ಕೋಟಿ ಟನ್. ಸಾವಿರದಲ್ಲಿ ಒಂದೂವರೆ ಪಾಲು ಕೂಡ ಇಲ್ಲ. ಹಿಡಿದದ್ದರಲ್ಲೂ ಹೆಚ್ಚಿನದನ್ನು ಹಳೆಯ ಬಾವಿಗೆ ತಳ್ಳಿ ಇನ್ನಷ್ಟು ಎಣ್ಣೆ ಎತ್ತಲು ಬಳಸುತ್ತಾರೆ. ಸಿಮೆಂಟಿನಂಥ ಕಡೆ ಅದು ಬೇಕಾಗಬಹುದು. ಎಲ್ಲದಕ್ಕೂ ಅದೇ ಅಂದರೆ ಮೂಗಿಗೆ ತುಪ್ಪ ಸವರಿದ ಹಾಗೆ.

ಅನಿಲ ಉರಿಸಿ ವಿದ್ಯುತ್ ಮಾಡಿದರೆ ಇದ್ದಲಿಗಿಂತ ಹೆಚ್ಚುಕಡಿಮೆ ಅರ್ಧ ಹೊಗೆ, ಸರಿ. ಆದರೆ ಅನಿಲ ಅಂದರೆ ಮೀಥೇನ್. ಪೈಪಿನಲ್ಲಿ, ಬಾವಿಯಲ್ಲಿ ಸೋರಿದರೆ ಇಪ್ಪತ್ತು ವರ್ಷದ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 80 ಪಟ್ಟು ಜಾಸ್ತಿ ಬಿಸಿ ಹಿಡಿಯುತ್ತದೆ.

ಇನ್ನೊಂದು ಸಂಖ್ಯೆ, ನನ್ನನ್ನು ನಿಜಕ್ಕೂ ಕಾಡುವುದು ಇದು. ಈಗಾಗಲೇ ಕಟ್ಟಿರುವ ವಿದ್ಯುತ್ ಸ್ಥಾವರ, ಕಾರ್ಖಾನೆ, ವಾಹನ ಇವೆಲ್ಲ ತಮ್ಮ ಆಯಸ್ಸು ಮುಗಿಯುವವರೆಗೆ ಎಂದಿನಂತೆ ಓಡಿದರೆ 66,000 ಕೋಟಿ ಟನ್ ಬರುತ್ತದೆ ಅಂತ ಐಪಿಸಿಸಿ ಹೇಳಿದೆ. ಉಳಿದಿದ್ದ ಹಾಸಿಗೆ 50,000. ಹೊಸ ಒಂದು ಇಟ್ಟಿಗೆ ಇಡದಿದ್ದರೂ ಕಾಲು ಆಚೆ ಹೋಗಿದೆ. 2021ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಇಂಧನ ಸಂಸ್ಥೆ 2050ಕ್ಕೆ ಒಟ್ಟು ಹೊಗೆಯನ್ನು ಸೊನ್ನೆಗೆ ತರುವ ಗುರಿಯ ದಾರಿಯಲ್ಲಿ ಹೊಸ ಕಲ್ಲಿದ್ದಲು ಗಣಿಗೂ ಹೊಸ ತೈಲ, ಅನಿಲ ಕ್ಷೇತ್ರಕ್ಕೂ ಜಾಗ ಇಲ್ಲ ಅಂದದ್ದು ಇದಕ್ಕೇ.

ನೀಲಿಹಕ್ಕಿ

ಎರಡನೇ ಪಾಳಿ ಅವರೇ, ನಿಮ್ಮ ಬರಹ ಓದಿದ ಮೇಲೆ ಜರ್ಮನಿಯ ಗಣಿಗಳ ನೆನಪಾಯಿತು. ಅಲ್ಲಿ ಗಟ್ಟಿ ಕಲ್ಲಿದ್ದಲಿನ ಗಣಿಗಳನ್ನು ಮುಚ್ಚಬೇಕು ಅಂತ 2007ರಲ್ಲೇ ಸರ್ಕಾರ, ಕಂಪನಿ, ಕಾರ್ಮಿಕ ಸಂಘ ಕೂತು ತೀರ್ಮಾನ ಮಾಡಿದವು. ಗಡುವು 2018. ಹನ್ನೊಂದು ವರ್ಷ. ವಯಸ್ಸಾದವರಿಗೆ ಬೇಗ ಪಿಂಚಣಿ, ಚಿಕ್ಕವರಿಗೆ ಬೇರೆ ಕೆಲಸದ ತರಬೇತಿ. ಯಾರನ್ನೂ ಬೀದಿಗೆ ಹಾಕುವುದಿಲ್ಲ ಅನ್ನುವುದು ಒಪ್ಪಂದ. 2018ರ ಡಿಸೆಂಬರ್ 21ರಂದು ಬೊಟ್ರೊಪ್ ಊರಿನ ಗಣಿಯಿಂದ ಕಾರ್ಮಿಕರು ಕೊನೆಯ ಇದ್ದಲ ಗಡ್ಡೆ ಹೊತ್ತು ಮೇಲೆ ಬಂದು ದೇಶದ ಅಧ್ಯಕ್ಷರ ಕೈಗೆ ಕೊಟ್ಟರು.

ಕಡಲಬಾನು

ಆದರೆ ನೀಲಿಹಕ್ಕಿ, ಜರ್ಮನಿ ತನ್ನ ಗಣಿ ಮುಚ್ಚಿ ಹೊರಗಿನಿಂದ ಹಡಗಿನಲ್ಲಿ ಇದ್ದಲು ತರಿಸಿ ಉರಿಸಿತು. ಕಂದು ಇದ್ದಲನ್ನು ಅಗೆಯುವುದನ್ನೂ ಬಿಡಲಿಲ್ಲ. ನನ್ನ ಮೊದಲ ಪ್ರಶ್ನೆ ಅಲ್ಲೇ ನಿಂತಿದೆ ನೋಡಿ.

ತಂಗಾಳಿ

ಹೌದು. ಇಲ್ಲಿ ನನ್ನ ಮಾತನ್ನು ನಾನೇ ತಿದ್ದಿಕೊಳ್ಳಬೇಕು. ಗಣಿಯ ಬಾಯಿ ಮುಚ್ಚಿದರೆ ಸಾಕು ಅನ್ನುವ ಹಾಗೆ ಬರೆದುಬಿಟ್ಟಿದ್ದೆ. ಸಾಲದು. ಚಿಮಣಿಯೂ ಜೊತೆಜೊತೆಗೆ ಮುಚ್ಚಬೇಕು.

ಚಿಮಣಿ ಮುಚ್ಚಿ ತೋರಿಸಿದ ದೇಶ ಬ್ರಿಟನ್. ಜನರಿಗೆ ವಿದ್ಯುತ್ ಕೊಡುವ ಇದ್ದಲಿನ ಸ್ಥಾವರ ಲಂಡನ್ನಿನಲ್ಲಿ ಶುರುವಾದದ್ದು 1882ರಲ್ಲಿ. 2012ರಲ್ಲೂ ಆ ದೇಶದ ವಿದ್ಯುತ್ತಿನಲ್ಲಿ ಶೇ. 40ರಷ್ಟು ಇದ್ದಲಿನದೇ. 2024ರ ಸೆಪ್ಟೆಂಬರ್ 30ರಂದು ರಾಟ್‌ಕ್ಲಿಫ್‌ನ ಕೊನೆಯ ಸ್ಥಾವರ ನಿಂತಿತು. ಹನ್ನೆರಡು ವರ್ಷದಲ್ಲಿ 40ರಿಂದ ಸೊನ್ನೆಗೆ. ಆದರೆ ಅಲ್ಲಿ ಗಣಿಗಳು ಮುಚ್ಚಿದ ರೀತಿ ಮಾತ್ರ ಬೇರೆ. 1984–85ರ ಗಣಿ ಕಾರ್ಮಿಕರ ಮುಷ್ಕರ ಮುರಿದ ಮೇಲೆ ಗಣಿಯೂರುಗಳು ಒಂದೊಂದಾಗಿ ಬರಿದಾದವು. ಅದನ್ನು ಮಾದರಿ ಅಂತ ನಾನು ಹೇಳುವುದಿಲ್ಲ.

ಹೊಸ ಗಣಿ ಬೇಡ. ಇರುವುದನ್ನು ಮುಚ್ಚುವ ತಾರೀಕು ಮೊದಲೇ ಗೊತ್ತಿರಲಿ. ಉಂಡವರ ತಾರೀಕು ಮೊದಲು ಬರಲಿ. ನಾನು ಕೇಳುವುದು ಈಗ ಇಷ್ಟು. ಎರಡನೇ ಪಾಳಿ ಅವರೇ, ನಿಮ್ಮ ತಂದೆಯವರು ಈಗ ಹೇಗಿದ್ದಾರೆ? ಅವರು ಏನು ಹೇಳುತ್ತಾರೆ ಅಂತ ಕೇಳುವ ಆಸೆ.

ಎರಡನೇ ಪಾಳಿ

ಇದ್ದಾರೆ. ಮೆಟ್ಟಿಲು ಹತ್ತುವಾಗ ಎರಡು ಕಡೆ ನಿಲ್ಲುತ್ತಾರೆ. ನಿನ್ನೆ ರಾತ್ರಿ ಇಡೀ ಚರ್ಚೆಯನ್ನು ಅವರಿಗೆ ಓದಿ ಹೇಳಿದೆ. ಕಲ್ಲನ್ನು ತೊಡೆಯ ಮೇಲೆ ಇಟ್ಟುಕೊಂಡು ಕೇಳಿದರು. ಯಾಸುನಿ ಕಾಡಿನ ಮಾತು ಎರಡು ಸಲ ಓದಿಸಿದರು.

ಜರ್ಮನಿಯ ಗಣಿಯ ಹತ್ತಿರ ಬಂದಾಗ ಹನ್ನೊಂದು ವರ್ಷವನ್ನು ಮೂರು ವಾರಕ್ಕೆ ಹೋಲಿಸಿ ಏನಾದರೂ ಅನ್ನುತ್ತಾರೆ ಅಂದುಕೊಂಡೆ. ಅದರ ಬಗ್ಗೆ ಏನೂ ಅನ್ನಲಿಲ್ಲ. "ಮುಚ್ಚಿದ ಮೇಲೆ ಪಂಪ್ ಯಾರು ನೋಡ್ಕೋತಾರೆ ಅಂತ ಕೇಳು" ಅಂದರು. ನೀಲಿಹಕ್ಕಿ, ನಿಮಗೆ ಗೊತ್ತಿದ್ದರೆ ಹೇಳಿ.

ನೀಲಿಹಕ್ಕಿ

ಗೊತ್ತಿದೆ. ಅಲ್ಲಿ ಅಗೆದೂ ಅಗೆದೂ ನೆಲವೇ ಕುಸಿದಿದೆ. ಪಂಪ್ ನಿಂತರೆ ಮೇಲಿನ ಊರುಗಳಿಗೆ ನೀರು ನುಗ್ಗುತ್ತದೆ. ಅದಕ್ಕೆ ಗಣಿ ಮುಚ್ಚಿದ ಮೇಲೂ ನೀರು ಎತ್ತುತ್ತಲೇ ಇರಬೇಕು, ಕೊನೆ ಅನ್ನುವುದೇ ಇಲ್ಲ. ಆ ಖರ್ಚಿಗೆ ಅಂತಲೇ 2007ರಲ್ಲಿ ಒಂದು ಪ್ರತಿಷ್ಠಾನ ಮಾಡಿಟ್ಟಿದ್ದಾರೆ. ಈ ಕೆಲಸಕ್ಕೆ ಅಲ್ಲಿನವರು ಇಟ್ಟಿರುವ ಹೆಸರನ್ನು ಕನ್ನಡದಲ್ಲಿ ಹೇಳುವುದಾದರೆ 'ಎಂದೆಂದಿಗೂ ಇರುವ ಕೆಲಸ'.

ಎರಡನೇ ಪಾಳಿ

ಓದಿ ಹೇಳಿದೆ. ಬಹಳ ಹೊತ್ತು ಆ ಎಲೆಯ ಗೆರೆಯ ಮೇಲೆ ಬೆರಳು ಆಡಿಸುತ್ತಾ ಕೂತಿದ್ದರು. ಆಮೇಲೆ, "ಹಾಗಾದ್ರೆ ಅಲ್ಲಿ ನನಗೆ ಕೆಲಸ ಇರ್ತಿತ್ತು" ಅಂದರು.